ಪತ್ತನಾಜೆಗೊಮ್ಮೆ ಕೆಲಸದ ಲೆಕ್ಕ ಹಾಕುವುದು ಹೇಗೆ

ನಮ್ಮ ಮನೆಯಲ್ಲಿ ಒಂದು ಮಾತು ನಾಲ್ಕು ತಲೆಮಾರಿನಿಂದ ಓಡುತ್ತಾ ಬಂದಿದೆ. "ಪುರುಸೊತ್ತಿಲ್ಲ ಮಾರಾಯ." ಅಜ್ಜ ಹೇಳುತ್ತಿದ್ದರು, ಅಪ್ಪ ಹೇಳುತ್ತಾರೆ, ನಾನು ಹೇಳುತ್ತೇನೆ, ಈಗ ಒಂಬತ್ತನೇ ಕ್ಲಾಸಿನ ಮಗಳೂ ಹೇಳುತ್ತಾಳೆ. ಅಜ್ಜನಿಗೆ ಪುರುಸೊತ್ತಿಲ್ಲ ಅಂದರೆ ನೀರಿಗೆಂದು ಗುಡ್ಡ ಕೊರೆದ ಸುರಂಗದೊಳಗೆ ಮಣ್ಣು ಕುಸಿದು ನೀರು ಬರುವುದು ನಿಂತಿದೆ ಅಂತ. ಅಪ್ಪನಿಗೆ ಇಲ್ಲ ಅಂದರೆ ಅಂಗಳದಲ್ಲಿ ಅಡಿಕೆ ಹರವಿದೆ, ಮೇಲೆ ಮೋಡ ಕಟ್ಟಿದೆ. ನನಗೆ ಇಲ್ಲ ಅಂದರೆ ಇಪ್ಪತ್ತನೇ ತಾರೀಕು ಹತ್ತಿರ ಬಂತು, ಜಿಎಸ್‌ಟಿ ರಿಟರ್ನ್ ಹಾಕಬೇಕು. ಮಗಳಿಗೆ ಇಲ್ಲ ಅಂದರೆ, ನಮ್ಮ ಜೊತೆ ಮಾತಾಡಲು ಮನಸ್ಸಿಲ್ಲ, ಅಷ್ಟೇ.

ವರ್ಕ್ ಲೈಫ್ ಬ್ಯಾಲೆನ್ಸ್ ಅಂತ ಈಗ ಎಲ್ಲರೂ ಹೇಳುತ್ತಾರಲ್ಲ, ಅದನ್ನು ನಾನು ತುಂಬ ಕಾಲ ಒಂದು ಬಾವಿ ಅಂದುಕೊಂಡಿದ್ದೆ. ಒಮ್ಮೆ ತೋಡಿ ನೀರು ಸಿಕ್ಕಿದರೆ ಆಯ್ತು. ಹಾಗಲ್ಲ ಅಂತ ಗೊತ್ತಾಗಲು ಹತ್ತಿಪ್ಪತ್ತು ವರ್ಷ ಬೇಕಾಯಿತು. ಇದು ಅಡಿಕೆ ತೋಟಕ್ಕೆ ಮದ್ದು ಬಿಡುವ ಹಾಗೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಎಲ್ಲ ಸರಿಯಾಗಿ ಬೆರೆಸಿ ಮಳೆಗೆ ಮೊದಲು ಬಿಟ್ಟಿರುತ್ತೀರಿ. ಆದರೂ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ ಬಂದು ಗೊನೆಯ ಕಾಯಿ ಉದುರುತ್ತದೆ. ಮೊದಲನೆಯದು ತಪ್ಪಾಗಿತ್ತು ಅಂತ ಅಲ್ಲ. ಮಳೆ ತೊಳೆದುಕೊಂಡು ಹೋಯಿತು.

ನಾನು ಎಂಟೊಂಬತ್ತು ವರ್ಷದಿಂದ ವರ್ಷಕ್ಕೊಮ್ಮೆ ಒಂದು ಪುಸ್ತಕದಲ್ಲಿ ಈ ಲೆಕ್ಕ ಹೊಸದಾಗಿ ಬರೆಯುತ್ತೇನೆ. ಹೇಗೆ ಬರೆಯುವುದು, ಎಲ್ಲಿ ಎಡವುತ್ತೀರಿ ಅಂತ ಇಲ್ಲಿ ಹೇಳುತ್ತೇನೆ. ನಾನು ಪರಿಣತ ಅಲ್ಲ. ಮಂಗಳೂರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು, ಮನೆ ಕೇರಳದ ಕಾಸರಗೋಡಿನ ನೀರ್ಚಾಲು ಹತ್ತಿರ, ವಯಸ್ಸು 44.

ದಿನ ಯಾವುದು

ಮೊದಲ ಎರಡು ವರ್ಷ ಎಲ್ಲರ ಹಾಗೆ ಜನವರಿ ಒಂದಕ್ಕೆ ಕೂತೆ. ಆಗ ಅಡಿಕೆ ಕೊಯ್ಲು, ಊರಲ್ಲಿ ಒಂದರ ಹಿಂದೆ ಒಂದು ಜಾತ್ರೆ, ರಾತ್ರಿ ಯಕ್ಷಗಾನದ ಆಟ, ನಿದ್ದೆ ಇಲ್ಲದ ಕಣ್ಣಲ್ಲಿ ಬರೆದದ್ದು ಫೆಬ್ರವರಿಯಲ್ಲಿ ನೋಡಿದರೆ ನನಗೇ ನಗು ಬರುತ್ತಿತ್ತು. ಆಮೇಲೆ ಪತ್ತನಾಜೆಗೆ ಬದಲಾಯಿಸಿದೆ.

ಘಟ್ಟದ ಮೇಲಿನವರಿಗೆ ಒಂದು ಮಾತು: ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಆ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಭೂತಕೋಲ, ಜಾತ್ರೆ ಎಲ್ಲ ನಿಲ್ಲುತ್ತವೆ. ಮತ್ತೆ ಶುರುವಾಗುವುದು ದೀಪಾವಳಿಯ ಹೊತ್ತಿಗೆ. ಆರು ತಿಂಗಳು ರಾತ್ರಿಯೆಲ್ಲ ಕುಣಿದವನಿಗೆ "ಸಾಕು, ಇನ್ನು ಮನೆಗೆ ಹೋಗು" ಅಂತ ಹೇಳುವ ಒಂದು ದಿನ ಕ್ಯಾಲೆಂಡರಿನಲ್ಲೇ ಇತ್ತು. (ಈಗ ಮಳೆಗಾಲದಲ್ಲೂ ಹಾಲ್‌ಗಳಲ್ಲಿ ಆಟ ಆಗುತ್ತದೆ, ಅದು ಬೇರೆ ಮಾತು.)

ಭಕ್ತಿಯಿಂದಲೇ ಈ ದಿನ ಹಿಡಿದುಕೊಂಡೆ ಅಂತ ಹೇಳುವುದಿಲ್ಲ. ಅನುಕೂಲ ಜಾಸ್ತಿ. ಕೇರಳದಲ್ಲಿ ಶಾಲೆ ಜೂನ್ ಒಂದಕ್ಕೆ ಶುರು, ಮಳೆಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ. ಅಂದರೆ ಮನೆಯ ಟೈಮ್‌ಟೇಬಲ್ ಹೇಗೂ ಬದಲಾಗುವ ವಾರ ಅದು. ಏಪ್ರಿಲ್‌ನ ಇನ್‌ಕ್ರಿಮೆಂಟಿನ ಬೇಸರವೂ ಸ್ವಲ್ಪ ಆರಿರುತ್ತದೆ. ನಿಮ್ಮ ಕಡೆ ಪತ್ತನಾಜೆ ಇಲ್ಲದಿದ್ದರೆ ಯುಗಾದಿಯೋ, ಕಾರಹುಣ್ಣಿಮೆಯೋ, ಕಾಲ ಬದಲಾಗುವ ಒಂದು ದಿನ ಹಿಡಿಯಿರಿ. ಹುಟ್ಟುಹಬ್ಬ ಮಾತ್ರ ಬೇಡ. ಆ ದಿನ ಮನುಷ್ಯ ತನ್ನ ಬಗ್ಗೆ ಒಂದೋ ತುಂಬ ಕನಿಕರ ಪಡುತ್ತಾನೆ, ಇಲ್ಲದಿದ್ದರೆ ತುಂಬ ಆಸೆ ಪಡುತ್ತಾನೆ.

ಮೊದಲು ಗಂಟೆ ಎಣಿಸಿ

ಒಂದು ಸಾಧಾರಣ ವಾರ ಆರಿಸಿಕೊಳ್ಳಿ. ಮದುವೆ ಇಲ್ಲದ, ಜ್ವರ ಇಲ್ಲದ, ಹರತಾಳ ಇಲ್ಲದ ವಾರ. (ಕಾಸರಗೋಡಿನಲ್ಲಿ ಕೊನೆಯದಕ್ಕೆ ಸ್ವಲ್ಪ ಅದೃಷ್ಟ ಬೇಕು.) ವಾರಕ್ಕೆ 168 ಗಂಟೆ. ಎದ್ದದ್ದು, ಹೊರಟದ್ದು, ಬಂದದ್ದು, ಮಲಗಿದ್ದು, ಇಷ್ಟು ಬರೆದರೆ ಸಾಕು. ಆಪ್ ಎಲ್ಲ ಬೇಡ, ಆಪ್ ನೋಡಲು ಹೋಗಿ ಅರ್ಧ ಗಂಟೆ ವಾಟ್ಸಾಪಿನಲ್ಲಿ ಹೋಗುತ್ತದೆ.

ನನ್ನದು ಹೀಗಿತ್ತು. ಬೆಳಿಗ್ಗೆ ಆರೂ ಮುಕ್ಕಾಲಿಗೆ ಬೈಕಿನಲ್ಲಿ ಕುಂಬಳೆ ಸ್ಟೇಷನ್, ಅಲ್ಲಿಂದ ರೈಲು, ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ ಮಂಗಳೂರು. ವಾಪಸು ಮನೆ ಮುಟ್ಟುವಾಗ ಏಳೂ ಮುಕ್ಕಾಲು. ದಿನಕ್ಕೆ 13 ಗಂಟೆ, ಆರು ದಿನಕ್ಕೆ 78. ಆಫೀಸಿನವರ ಲೆಕ್ಕದಲ್ಲಿ ನಾನು ದುಡಿಯುವುದು 48 ಗಂಟೆ. ಅಮ್ಮನ ಲೆಕ್ಕದಲ್ಲಿ 78, ಯಾಕೆಂದರೆ ಅಮ್ಮ ಎಣಿಸುವುದು ಗೇಟಿನಿಂದ ಗೇಟಿಗೆ. ನಿದ್ದೆ 49 ಕಳೆದರೆ ಉಳಿದದ್ದು 41. ಸ್ನಾನ, ಊಟ, ಅಂಗಡಿ, ಬ್ಯಾಂಕು ಅಂತ 20 ಹೋಯಿತು. ಭಾನುವಾರ ತೋಟದಲ್ಲಿ 6. ಫೋನಿನಲ್ಲಿ 10. (ನಾನು 4 ಅಂದುಕೊಂಡಿದ್ದೆ. ಫೋನೇ 10 ಅಂತ ತೋರಿಸಿತು.) ಉಳಿದದ್ದು 5 ಗಂಟೆ. ಹೆಂಡತಿ, ಮಗಳು, ಅಪ್ಪ, ಅಮ್ಮ, ಗೆಳೆಯರು, ತಾಳಮದ್ದಳೆ (ವೇಷ ಇಲ್ಲದ ಯಕ್ಷಗಾನ), ಓದು, ಎಲ್ಲ ಸೇರಿ ವಾರಕ್ಕೆ 5 ಗಂಟೆ.

ನಿಮ್ಮ ಲೆಕ್ಕ ಹೀಗೆ ಬಂದಾಗ ಗಾಬರಿಯಾಗಬೇಡಿ, ರಾಜೀನಾಮೆ ಪತ್ರವೂ ಬರೆಯಬೇಡಿ. ಎರಡು ಕಾಲಂ ಹೆಚ್ಚು ಹಾಕಿಕೊಳ್ಳಿ. ಒಂದು, ಮನೆಯಲ್ಲಿ ಇದ್ದೂ ಆಫೀಸಿನಲ್ಲಿದ್ದ ಹೊತ್ತು. ಊಟದ ಹೊತ್ತಿಗೆ ಬಂದ ಮೆಸೇಜು, ಮಗಳು ಕತೆ ಹೇಳುವಾಗ ತಲೆಯೊಳಗೆ ತಾಳೆ ಆಗದ ಬಾಕಿ ಪಟ್ಟಿ. ಇನ್ನೊಂದು, ದುಡಿಮೆಯೋ ಬದುಕೋ ಅಂತ ಹೇಳಲಾಗದ ಹೊತ್ತು. ನನಗೆ ಅದು ರೈಲು. ಮೊದಲ ವರ್ಷ ರೈಲನ್ನು ಪೂರ್ತಿ ನಷ್ಟಕ್ಕೆ ಹಾಕಿದ್ದೆ. ಮೂರನೇ ವರ್ಷಕ್ಕೆ ಸೀಸನ್ ಟಿಕೆಟಿನ ಗೆಳೆಯರಾದರು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಬೋಗಿಯಲ್ಲಿ, ಒಬ್ಬ ಚಕ್ಕುಲಿ ತರುವವ, ಒಬ್ಬ ರಾಜಕೀಯ ಮಾತಾಡಿ ಎಲ್ಲರ ನಿದ್ದೆ ಕೆಡಿಸುವವ.

ಆ ರೈಲಿನ ಬೆಲೆ ಗೊತ್ತಾದದ್ದು ಅದು ನಿಂತಾಗ. 2020ರ ಮಾರ್ಚ್‌ನಲ್ಲಿ ರೈಲು ನಿಂತಿತು, ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ನಾನು ಲ್ಯಾಪ್‌ಟಾಪ್ ಹಿಡಿದು ತಾರಸಿ ಹತ್ತಿದೆ, ಕೆಳಗೆ ರೇಂಜ್ ಇಲ್ಲ. ದಿನಕ್ಕೆ ನಾಲ್ಕು ಗಂಟೆ ಉಳಿಯಿತಲ್ಲ ಅಂತ ಖುಷಿಯೋ ಖುಷಿ. ಎರಡನೇ ತಿಂಗಳಿಗೆ ರಾತ್ರಿ ಹತ್ತಕ್ಕೂ ತಾರಸಿಯಲ್ಲೇ ಇದ್ದೆ. ಒಂದು ದಿನ ಅಪ್ಪ ಕೆಳಗಿನಿಂದ ಕೇಳಿದರು: "ನೀನು ಮನೆಗೆ ಬಂದದ್ದೋ, ಆಫೀಸು ಮನೆಗೆ ಬಂದದ್ದೋ?" ಉಳಿದ ನಾಲ್ಕು ಗಂಟೆ ಎಲ್ಲಿಗೆ ಹೋಯಿತು ಅಂತ ಪುಸ್ತಕ ನೋಡಿದರೆ, ಅಷ್ಟನ್ನೂ ಆಫೀಸೇ ನುಂಗಿತ್ತು. ಆ ವರ್ಷದಿಂದ ರೈಲಿಗೆ ಬೇರೆಯೇ ಕಾಲಂ.

ಮನೆಯಲ್ಲಿ ಕೇಳಿ, ಆದರೆ ಹೀಗೆ ಕೇಳಿ

ಗಂಟೆ ಎಣಿಸಿದ ಮೇಲೆ ನಿಮಗಿಂತ ಹಿರಿಯರಾದ ಇಬ್ಬರನ್ನು, ಕಿರಿಯರಾದ ಒಬ್ಬರನ್ನು ಮಾತಾಡಿಸಿ. "ನಿಮ್ಮ ಕಾಲದಲ್ಲಿ ಬ್ಯಾಲೆನ್ಸ್ ಹೇಗಿತ್ತು" ಅಂತ ಕೇಳಿದಿರೋ, ಮುಗಿಯಿತು. ಭಾಷಣ ಬರುತ್ತದೆ. ನಾನು ಮೊದಲ ಸಲ ಅಪ್ಪನ ಹತ್ತಿರ ಹಾಗೇ ಕೇಳಿ, "ನಮಗೆಲ್ಲ ರಜೆ ಅಂತ ಇತ್ತಾ? ನಿಮಗೆ ಭಾನುವಾರ ಉಂಟಲ್ಲ" ಅಂತ ಹೇಳಿಸಿಕೊಂಡು ಎದ್ದುಬಂದೆ. ಗಡಿಯಾರದ ಪ್ರಶ್ನೆ ಕೇಳಬೇಕು. ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಎಂತ ಮಾಡುತ್ತಿದ್ದಿರಿ? ರಾತ್ರಿ ಊಟಕ್ಕೆ ಯಾರು ಯಾರು ಒಟ್ಟಿಗೆ ಕೂರುತ್ತಿದ್ದಿರಿ? ಹುಷಾರಿಲ್ಲದಾಗ ನಿಮ್ಮ ಕೆಲಸ ಯಾರು ಮಾಡುತ್ತಿದ್ದರು?

ಜುಲೈ ಪ್ರಶ್ನೆಗೆ ಅಪ್ಪ ನಕ್ಕರು. "ಮಲಗುತ್ತಿದ್ದೆವು. ಆ ಮಳೆಗೆ ಮತ್ತೆಂತ ಮಾಡುವುದು?" ಆಮೇಲೆ ಒಂದೊಂದೇ ಬಂತು. ಆಟಿ ತಿಂಗಳಲ್ಲಿ, ಅಂದರೆ ಆ ಜುಲೈ ಆಗಸ್ಟಿನ ಮಳೆಗೆ, ಹೊರಗಿನ ಕೆಲಸ ಕಡಿಮೆ. ಯಾರಾದರೊಬ್ಬರ ಚಾವಡಿಯಲ್ಲಿ ತಾಳಮದ್ದಳೆ. ಕೆಡ್ಡಸದ ಮೂರು ದಿನ ಭೂಮಿಗೆ ಹಾರೆ ತಾಗಿಸುವ ಹಾಗಿಲ್ಲ, ಭೂಮಿತಾಯಿ ಮುಟ್ಟಾದ ದಿನಗಳು ಅವು. ನಾನು ಬಿಡಲಿಲ್ಲ, "ಹಾಗಾದರೆ ನಿಮಗೇ ರಜೆ ಜಾಸ್ತಿ ಇತ್ತಲ್ಲ ಅಪ್ಪ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆಟಿಯಲ್ಲಿ ಅಕ್ಕಿಯೂ ಇರಲಿಲ್ಲ. ಕೆಸುವಿನ ಎಲೆ, ಹಲಸಿನ ಬೀಜ, ಅದರಲ್ಲಿ ದಿನ ಹೋಗುತ್ತಿತ್ತು. ಹಸಿದ ಹೊಟ್ಟೆಗೆ ರಜೆ ಸಿಕ್ಕಿ ಎಂತ ಆಗಬೇಕು?"

ಈ ಮಾತನ್ನು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ನಾವು ಈಗ ಆಟಿಡೊಂಜಿ ದಿನ (ಆಟಿಯಲ್ಲೊಂದು ದಿನ) ಅಂತ ಎಸಿ ಹಾಲ್‌ನಲ್ಲಿ ಅದೇ ಕೆಸುವಿನ ಎಲೆಯ ಪತ್ರೊಡೆ ತಿನ್ನುತ್ತೇವೆ, ಅದೂ ಭಾನುವಾರ ನೋಡಿ, ಯಾಕೆಂದರೆ ಆಟಿಯಲ್ಲಿ ನಮಗೆ ರಜೆ ಇಲ್ಲ. ಹಿಂದಿನವರಿಗೆ ಬಿಡುವಿತ್ತು, ಅನ್ನ ಇರಲಿಲ್ಲ. ನಮಗೆ ಅನ್ನ ಉಂಟು. ಹಿರಿಯರನ್ನು ಕೇಳುವಾಗ ಎರಡೂ ಕಡೆ ಕೇಳಬೇಕು. ಬರೀ ಬಿಡುವಿನ ಕತೆ ಕೇಳಿದರೆ ಹಳೆಯ ಕಾಲ ಸ್ವರ್ಗ ಅನಿಸುತ್ತದೆ, ಬರೀ ಕಷ್ಟದ ಕತೆ ಕೇಳಿದರೆ ನೀವು ಬಾಯಿ ತೆರೆಯುವುದೇ ಪಾಪ ಅನಿಸುತ್ತದೆ.

ಎರಡನೆಯವರು ನೆರೆಮನೆಯ ಅಕ್ಕ. ಮೂವತ್ತು ವರ್ಷ ಬೀಡಿ ಕಟ್ಟಿದವರು. ಬೆಳಿಗ್ಗೆ ಎಲೆ ಕತ್ತರಿಸಿ, ಮಡಿಲಲ್ಲಿ ಗೆರಸೆ, ಪಕ್ಕದಲ್ಲಿ ತೊಟ್ಟಿಲು, ಒಲೆಯ ಮೇಲೆ ಗಂಜಿ, ದಿನಕ್ಕೆ ಸಾವಿರ ಬೀಡಿ ಆಗಬೇಕು, ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು, ಅಲ್ಲಿ ಸರಿಯಿಲ್ಲ ಅಂತ ಒಂದಿಷ್ಟು ಬದಿಗಿಟ್ಟರೆ ಅಷ್ಟು ನಷ್ಟ. ನಾನು ಕೊರೊನಾ ಕಾಲದಲ್ಲಿ "ಮನೆಯಲ್ಲೇ ಕೂತು ಕೆಲಸ ಮಾಡುವುದು ಎಷ್ಟು ಸುಖ ಅಲ್ವಾ ಅಕ್ಕಾ" ಅಂದಾಗ ನನ್ನನ್ನು ಮಂಗನ ಹಾಗೆ ನೋಡಿದರು. "ಸುಖವಾ? ನಾನು ಮನೆಯಲ್ಲೇ ಕೂತು ಕೆಲಸ ಮಾಡಿ ಬೆನ್ನು ಹೋಯಿತು. ಎಷ್ಟೊತ್ತಿಗೆ ಕೆಲಸ ಮುಗಿಯಿತು ಅಂತ ಒಂದು ದಿನ ಗೊತ್ತಾಗಲಿಲ್ಲ." ಆಮೇಲೆ ಅವರು ತೊಳಿಲುರಪ್ಪಿಗೆ ಸೇರಿದರು. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಲಸಕ್ಕೆ ನಮ್ಮಲ್ಲಿ ಮಲಯಾಳದ್ದೇ ಹೆಸರು. ಕೇರಳದಲ್ಲಿ ಅದಕ್ಕೆ ಹೋಗುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಬಿಸಿಲಲ್ಲಿ ಮಣ್ಣಿನ ಕೆಲಸ, ಬೀಡಿಗಿಂತ ಕಷ್ಟ ಅಂತ ನಾನು ಅಂದುಕೊಂಡಿದ್ದೆ. ಅಕ್ಕ ಹೇಳಿದ್ದು ಬೇರೆ: "ಹತ್ತು ಹೆಂಗಸರ ಒಟ್ಟಿಗೆ ಹೋಗುವುದು, ಬರುವುದು. ಸಂಜೆ ಕೈ ತೊಳೆದರೆ ಮುಗಿಯಿತು, ರಾತ್ರಿ ನನ್ನದು."

ನನಗೆ ಮನೆಗೆ ಬರಬೇಕಿತ್ತು, ಅವರಿಗೆ ಮನೆಯಿಂದ ಹೊರಗೆ ಹೋಗಬೇಕಿತ್ತು. ಇಬ್ಬರೂ ಹುಡುಕುತ್ತಿದ್ದದ್ದು ಕೆಲಸಕ್ಕೊಂದು ಬೇಲಿ. ಟಾರ್ಗೆಟ್ ಇರುವ ಕೆಲಸದವರು ಈ ಅಕ್ಕನ ಕತೆಯನ್ನು ಎರಡು ಸಲ ಓದಿ. ಗಂಟೆಗೆ ಬದಲು ಬೀಡಿ ಎಣಿಸುವ ಕಡೆ ಸಂಜೆ ಆಗುವುದೇ ಇಲ್ಲ.

ಕಿರಿಯರ ಮಾತು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ಉಪ್ಪಳದ ಗೆಳೆಯನೊಬ್ಬ ಇದ್ದಾನೆ, ದುಬೈಗೆ ಹೋಗಿ 22 ವರ್ಷ. ಮೊದಲೆಲ್ಲ ಓವರ್‌ಟೈಮ್ ಸಿಕ್ಕಿದರೆ ಹಬ್ಬ ಅವನಿಗೆ. ಮನೆ ಕಟ್ಟಿದ್ದು, ತಂಗಿಯರ ಮದುವೆ ಮಾಡಿದ್ದು ಅದರಲ್ಲೇ. ಅಲ್ಲಿನ ಸರಕಾರ 2022ರ ಜನವರಿಯಿಂದ ಶುಕ್ರವಾರ ಶನಿವಾರದ ರಜೆಯನ್ನು ಶನಿವಾರ ಭಾನುವಾರಕ್ಕೆ ತಂದು ಶುಕ್ರವಾರ ಅರ್ಧ ದಿನ ಮಾಡಿತಲ್ಲ, ಆಗ ನಾನು "ನಿಮಗೆ ವಾರಕ್ಕೆ ನಾಲ್ಕೂವರೆ ದಿನ ಕೆಲಸ, ಪುಣ್ಯವಂತರು" ಅಂತ ಮೆಸೇಜು ಹಾಕಿದ್ದೆ. "ಅದು ಸರಕಾರಿ ಆಫೀಸಿನವರಿಗೆ ಮಾರಾಯ. ನನ್ನ ಬ್ಯಾಲೆನ್ಸು ಎರಡು ವರ್ಷ ಕೆಲಸ, ಎರಡು ತಿಂಗಳು ಬದುಕು" ಅಂದ. ಈಗ ಅವನಿಗೆ ಊರಿಗೆ ಬಂದು ಸಂಜೆ ಪೇಟೆಯಲ್ಲಿ ಚಾ ಕುಡಿಯುತ್ತಾ ಕೂರಬೇಕಂತೆ. ಓವರ್‌ಟೈಮ್ ಹೆಸರು ಹೇಳಿದರೆ ಬಯ್ಯುತ್ತಾನೆ.

70 ಗಂಟೆಯ ಮಾತು ಬಂದಾಗ

ಈ ಲೆಕ್ಕ ಹಾಕುವವರ ಮನೆಯಲ್ಲಿ ಯಾರಾದರೊಬ್ಬರು ಟಿವಿಯಲ್ಲಿ ಕೇಳಿದ್ದನ್ನು ತಂದು ಮುಂದೆ ಇಡುತ್ತಾರೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಂತು. ನಮ್ಮ ಭಾವ ಎರಡನ್ನೂ ಬಾಯಿಪಾಠ ಮಾಡಿದ್ದಾರೆ. ಸ್ವತಃ ಅವರು ಮಧ್ಯಾಹ್ನ ಎರಡು ಗಂಟೆ ಮಲಗುತ್ತಾರೆ ಅನ್ನುವುದು ಬೇರೆ ವಿಷಯ.

ಜಗಳ ಬೇಡ, ನಾಲ್ಕು ಇಸವಿ ನೆನಪಿಟ್ಟುಕೊಳ್ಳಿ. ಮುಂಬೈ ಗಿರಣಿಗಳಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. 1922ರಲ್ಲಿ, ಬ್ರಿಟಿಷರ ಕಾಲದಲ್ಲಿ, ಕಾರ್ಖಾನೆಯ ದುಡಿಮೆಗೆ ವಾರಕ್ಕೆ 60 ಗಂಟೆಯ ಮಿತಿ ಬಂತು. 1934ರಲ್ಲಿ ಅದು 54 ಆಯಿತು. 1946ರಲ್ಲಿ 48. ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಆಗ ಅಂಬೇಡ್ಕರ್ ಕೈಯಲ್ಲಿತ್ತು. ಅಂದರೆ 70 ಗಂಟೆ ಅನ್ನುವುದು ನೂರು ವರ್ಷ ಹಿಂದಿನ ಕಾನೂನಿಗಿಂತಲೂ ಹಿಂದೆ. ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಏಳೂ ದಿನ. ದೇಶದ ಮೊದಲ ಮೇ ದಿನ 1923ರಲ್ಲಿ ಮದ್ರಾಸಿನಲ್ಲಿ ಸಿಂಗಾರವೇಲರ್ ಅವರು ಆಚರಿಸಿದ್ದು. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸ್ ಪ್ರಾಂತ್ಯದ ಒಳಗೆ ಇತ್ತು, ಹಾಗಾಗಿ ಅದರಲ್ಲಿ ನಮಗೂ ಒಂದು ಪಾಲು ಅಂತ ನಾನು ಭಾವನಿಗೆ ಹೇಳುತ್ತೇನೆ. ಅವರು ಒಪ್ಪುವುದಿಲ್ಲ.

ಈ ಎಲ್ಲ ಅಂಕಿ ಕಾರ್ಖಾನೆಯವರಿಗೆ. ಅಪ್ಪನ ತೋಟಕ್ಕೂ ಅಕ್ಕನ ಜಗುಲಿಗೂ ಗಂಟೆಯ ಮಿತಿ ಯಾವತ್ತೂ ಬಂದಿರಲಿಲ್ಲ. ಹಾಗಾಗಿ ಹಿರಿಯರು "ನಾವು ಎಣಿಸಿದವರಲ್ಲ" ಅನ್ನುವಾಗ ಅದು ಸುಳ್ಳಲ್ಲ. ಎಣಿಸಿದರೆ ಕೇಳುವವರು ಯಾರೂ ಇರಲಿಲ್ಲ.

ಆಫೀಸಿನಲ್ಲಿ ಕೇಳುವುದು

ಇದು ಎಲ್ಲರಿಗೂ ಆಗುವ ಕೆಲಸ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬೀಡಿ ಕಟ್ಟಿದ ಆ ಅಕ್ಕನ ಮಗಳು ಬಟ್ಟೆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವಳು. ಅವಳಿಗೆ ಬ್ಯಾಲೆನ್ಸ್ ಅಂದರೆ ಒಂದು ಸ್ಟೂಲು. ಅಂಗಡಿಯಲ್ಲಿ ಕೂರುವ ಹಕ್ಕಿಗಾಗಿ ಕೇರಳದ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕಾನೂನು ತಿದ್ದುಪಡಿಯಾಯಿತು. ಹತ್ತು ಗಂಟೆ ನಿಂತ ಕಾಲಿಗೆ ಯೋಗ, ಧ್ಯಾನ ಅಂತ ಉಪದೇಶ ಮಾಡಬೇಡಿ.

ಕೇಳಲು ಸಾಧ್ಯ ಇರುವವರು ಒಂದೇ ಒಂದು ವಿಷಯ ಕೇಳಿ. ನಾನು ಮೊದಲ ಸಲ ಹೋಗಿ "ಸ್ವಲ್ಪ ಬ್ಯಾಲೆನ್ಸ್ ಬೇಕು ಸರ್" ಅಂದೆ. "ಯಾರಿಗೆ ಬೇಡ?" ಅಂತ ಕೇಳಿ ಫೈಲು ತೆರೆದರು. ತಪ್ಪು ನನ್ನದೇ, ಎಂತ ಬೇಕು ಅಂತ ನನಗೇ ಗೊತ್ತಿರಲಿಲ್ಲ. ಎರಡನೇ ಸಲ, ಅಂದರೆ ಮೂರು ವರ್ಷ ಕಳೆದ ಮೇಲೆ, ಪುಸ್ತಕದ ಲೆಕ್ಕ ನೋಡಿಕೊಂಡು ಹೋದೆ. ಮಂಗಳವಾರ ಮತ್ತು ಗುರುವಾರ ಒಂದು ರೈಲು ಮೊದಲು ಹಿಡಿಯಬೇಕು, ಮುಕ್ಕಾಲು ಗಂಟೆ ಬೇಗ ಬಿಡಬೇಕು, ಆ ಮುಕ್ಕಾಲು ಗಂಟೆಯನ್ನು ಇಪ್ಪತ್ತನೇ ತಾರೀಕಿನ ವಾರ ಕೊಡುತ್ತೇನೆ, ಒಂದು ತಿಂಗಳು ನೋಡುವ, ಆಗದಿದ್ದರೆ ಬಿಡುವ. ಐದು ನಿಮಿಷದಲ್ಲಿ ಒಪ್ಪಿದರು. ಒಪ್ಪಿದ್ದನ್ನು ಅದೇ ಸಂಜೆ ಒಂದು ಸಣ್ಣ ಮೆಸೇಜಿನಲ್ಲಿ ಬರೆದು ಕಳಿಸಿ, "ಹೇಳಿದ ಹಾಗೆ ಸರ್" ಅಂತ. ಆರು ತಿಂಗಳು ಕಳೆದರೆ ಹೇಳಿದ್ದು ಅವರಿಗೂ ನೆನಪಿರುವುದಿಲ್ಲ, ನಮಗೆ ನಮ್ಮ ಅನುಕೂಲಕ್ಕೆ ಬೇಕಾದಷ್ಟೇ ನೆನಪಿರುತ್ತದೆ.

ಸೋಮವಾರ ಬೆಳಿಗ್ಗೆ ಕೇಳಬೇಡಿ. ಬೇರೆಯವನಿಗೆ ಕೊಟ್ಟಿದ್ದೀರಲ್ಲ ಅಂತ ಶುರು ಮಾಡಬೇಡಿ. ಮನೆಯವರ ಕಾಯಿಲೆಯನ್ನು ದೊಡ್ಡದು ಮಾಡಿ ಹೇಳಬೇಡಿ, ನಿಜವಾಗಿ ಕಾಯಿಲೆ ಬಂದಾಗ ಹೇಳಲು ಮಾತು ಉಳಿಯುವುದಿಲ್ಲ.

ತೋಟದವರಿಗೆ ಕೇಳಲು ಮೇಲಿನವರಿಲ್ಲ. ಅಲ್ಲಿ ಗಂಟೆ ಉಳಿಯುವುದು ಸಲಕರಣೆಯಲ್ಲಿ. ಅಪ್ಪ ಮರ ಹತ್ತುವವರಿಗೆ ಕಾದು ಕಾದು ವರ್ಷಗಟ್ಟಲೆ ಕೊಯ್ಲಿನ ಕಾಲವನ್ನು ಸಿಟ್ಟಿನಲ್ಲೇ ಕಳೆದರು. ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಬಂದ ಮೇಲೆ ನೆಲದಲ್ಲಿ ನಿಂತೇ ಗೊನೆ ಇಳಿಸುತ್ತೇವೆ. ದೋಟಿ ದುಬಾರಿ, ಕುತ್ತಿಗೆ ನೋಯುತ್ತದೆ. ಆದರೆ ನಮಗೆ ಬೇಕಾದ ದಿನ ಕೊಯ್ಯಬಹುದು, ಬೇಡದ ದಿನ ಮದುವೆಗೆ ಹೋಗಬಹುದು.

ಹಳೆಯ ಪುಟ ಓದಿ

ಇದನ್ನು ಬಿಡಬೇಡಿ. ಹೊಸ ಪುಟ ಬರೆಯುವ ಮೊದಲು ಹಿಂದಿನದೆಲ್ಲ ಓದಬೇಕು. ಪ್ರತಿ ಪುಟದ ಕೊನೆಗೆ ನಾನು ಒಂದು ಸಾಲು ಬರೆಯುತ್ತೇನೆ: ಈಗ ಯಾರಿಗೆ ನನ್ನ ಯಾವ ಹೊತ್ತು ಬೇಕು?

ಪುಸ್ತಕ ಶುರುವಾಗುವ ಮೊದಲಿನ ಬೆಂಗಳೂರಿನ ಒಂಬತ್ತು ವರ್ಷಕ್ಕೆ ಪುಟವೇ ಇಲ್ಲ. 24ರ ವಯಸ್ಸಿನಲ್ಲಿ ರಾತ್ರಿ ಹನ್ನೆರಡಕ್ಕೆ ಆಫೀಸಿನಿಂದ ಇಳಿದು ಬೀದಿ ಬದಿಯಲ್ಲಿ ಎಗ್ ರೈಸ್ ತಿನ್ನುವುದು ನನಗೆ ಬದುಕಾಗಿತ್ತು, ಕೆಲಸ ಬೇರೆ ಬದುಕು ಬೇರೆ ಅಂತ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಇದನ್ನು ಮರೆತು ಹೋದ ವರ್ಷ ಬೆಂಗಳೂರಿನಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿ ಆರೋಗ್ಯ, ನಿದ್ದೆ ಅಂತ ಅರ್ಧ ಗಂಟೆ ಕೊರೆದೆ. ಕೇಳಿಸಿಕೊಂಡು ಹೇಳಿದ: "ಮಾವ, ನೀವೂ ನನ್ನ ಪ್ರಾಯದಲ್ಲಿ ಇದನ್ನೇ ಮಾಡಿದ್ದು ಅಲ್ವಾ?" ಅವನ ತಮ್ಮ ಮನೆಯಲ್ಲಿ ಕೂತು ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ, ಐದು ಗಂಟೆಗೆ ಮನೆಗೆ ಬರುವ ಕೆಲಸವೇ ಬೇಕಂತೆ, 22ರಲ್ಲೇ ಅಷ್ಟು ಸ್ಪಷ್ಟ. ಒಂದೇ ಮನೆ, ಒಂದೇ ಅಮ್ಮ. ಹಾಗಾಗಿ ಈಗಿನ ಹುಡುಗರು ಹೀಗೆ, ನಮ್ಮ ಪ್ರಾಯದವರು ಹಾಗೆ ಅಂತ ಯಾರಾದರೂ ಹೇಳಿದರೆ ನಾನು ಅರ್ಧ ಮಾತ್ರ ನಂಬುತ್ತೇನೆ.

ಮಗಳು ಶಾಲೆಗೆ ಹೊಸತಾಗಿ ಸೇರಿದ ವರ್ಷದ ಪುಟದಲ್ಲಿ ಹೀಗೆ ಉಂಟು: "ಸಂಜೆ ಏಳರಿಂದ ಎಂಟೂವರೆ, ಮಗಳಿಗೆ. ನಾನು ಬರುವಾಗ ಅರ್ಧ ನಿದ್ದೆ." ಅದಕ್ಕಾಗಿಯೇ ಆಮೇಲೆ ಆ ಮಂಗಳವಾರ ಗುರುವಾರದ ರೈಲು ಕೇಳಿ ಪಡೆದದ್ದು. ನಾಲ್ಕೈದು ವರ್ಷ ಚೆನ್ನಾಗಿ ನಡೆಯಿತು. 2022ರಲ್ಲಿ ಅಪ್ಪನ ಮೊಣಕಾಲಿನ ಆಪರೇಷನ್ ಆಯಿತು. ಆ ವರ್ಷದ ಸಾಲು: "ಬೆಳಿಗ್ಗೆ ಆರರಿಂದ ಆರೂವರೆ, ಅಪ್ಪನಿಗೆ, ನಡೆಸಲು." ಹೋದ ವರ್ಷ ಬರೆಯಲು ಕೂತಾಗ ಗೊತ್ತಾಯಿತು, ಮಂಗಳವಾರ ಗುರುವಾರ ನಾನು ಓಡಿ ಓಡಿ ರೈಲು ಹಿಡಿದು ಮನೆಗೆ ಬಂದರೆ ಮಗಳ ಕೋಣೆಯ ಬಾಗಿಲು ಹಾಕಿರುತ್ತದೆ. ಅವಳಿಗೆ ನಾನು ಬೇಕಾಗುವುದು ರಾತ್ರಿ ಹತ್ತರ ಮೇಲೆ, ಅದೂ ವಾರಕ್ಕೊಮ್ಮೆ, ಅದೂ ಅವಳೇ ಬಂದು "ಅಪ್ಪಾ ಮಲಗಿದ್ರಾ" ಅಂತ ಕೇಳಿದಾಗ. ಇತ್ತ ಅಪ್ಪ ನಾಲ್ಕು ಗಂಟೆಯ ಚಾಕ್ಕೆ ಯಾರೂ ಇಲ್ಲ ಅಂತ ಅಮ್ಮನ ಹತ್ತಿರ ಗೊಣಗುತ್ತಾರೆ. ನಾನು ಕಷ್ಟಪಟ್ಟು ಉಳಿಸಿದ ಹೊತ್ತು ಈಗ ಯಾರಿಗೂ ಬೇಡ, ಬೇಕಾದವರ ಹೊತ್ತಿಗೆ ನಾನು ಮಂಗಳೂರಿನಲ್ಲಿ.

ಲೆಕ್ಕ ಹಳತಾಗುವುದು ಹೀಗೆ. ಕೆಲಸ ಅದೇ, ರೈಲು ಅದೇ, ಸಂಬಳ ಸ್ವಲ್ಪ ಜಾಸ್ತಿ, ಮನೆಯೊಳಗಿನ ವಯಸ್ಸುಗಳು ಮಾತ್ರ ಬದಲಾದವು. ಸರ್ ಹತ್ತಿರ ಹೋಗಿ ಮಂಗಳವಾರ ಗುರುವಾರ ವಾಪಸು ಕೊಟ್ಟೆ, ಬದಲಿಗೆ ತಿಂಗಳಿಗೆ ಎರಡು ಶನಿವಾರ ಅರ್ಧ ದಿನ ಕೇಳಿದೆ. ಅವರು ಆಶ್ಚರ್ಯಪಟ್ಟರು, ಸಿಕ್ಕಿದ್ದನ್ನು ವಾಪಸು ಕೊಡುವವನನ್ನು ನೋಡಿಲ್ಲವಂತೆ. ಅಪ್ಪನ ಜೊತೆ ಆ ಎರಡು ಶನಿವಾರ ಚಾ ಕುಡಿಯುತ್ತೇನೆ. ಹೆಚ್ಚು ಮಾತೇನೂ ಇಲ್ಲ, ಅಡಿಕೆ ರೇಟು, ಯಾರ ಮನೆಯಲ್ಲಿ ಹಂದಿ ಬಂತು, ಅಷ್ಟೇ.

ನಿಮ್ಮ ಪುಟವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಮನೆಯವರಿಗೆ ಮಾತ್ರ ತೋರಿಸಿ. ಹೆಂಡತಿಯದ್ದು ಬೇರೆ ಪುಟ ಇರಲಿ. ನಾನು ಮೊದಲ ಮೂರು ವರ್ಷ ಅವಳದ್ದನ್ನೂ ನಾನೇ ಅಂದಾಜಿಗೆ ಬರೆದಿದ್ದೆ. ಅವಳು ಓದಿ ಪೆನ್ನು ತೆಗೆದುಕೊಂಡು ಅಡ್ಡ ಗೆರೆ ಹಾಕಿದಳು.

ನಡುವೆ ಒಮ್ಮೆ ನೋಡಿ

ವರ್ಷಕ್ಕೊಮ್ಮೆ ಬರೆದರೂ ಆರು ತಿಂಗಳಿಗೊಮ್ಮೆ ತೆರೆದು ನೋಡಬೇಕು. ನನಗೆ ಅದಕ್ಕೂ ದಿನ ಸಿಕ್ಕಿದೆ. ಮಲಯಾಳಿಗಳಿಗೆ ತುಲಾ ತಿಂಗಳ ಹತ್ತನೇ ದಿನ ಪತ್ತಾಮುದಯ, ಅಕ್ಟೋಬರ್ ಕೊನೆಯಲ್ಲಿ ಬರುತ್ತದೆ, ತೆಯ್ಯಂ (ನಮ್ಮ ಕೋಲದಂಥದ್ದು) ಶುರುವಾಗುವ ಕಾಲ. ತುಳುವಿನಲ್ಲೂ ಮಲಯಾಳದಲ್ಲೂ ಪತ್ತ್ ಅಂದರೆ ಹತ್ತು. ಒಂದು ಹತ್ತಕ್ಕೆ ಗೆಜ್ಜೆ ಬಿಚ್ಚುವುದು, ಇನ್ನೊಂದು ಹತ್ತಕ್ಕೆ ಕಟ್ಟುವುದು. ಗಡಿಯಲ್ಲಿ ಇರುವವರಿಗೆ ಎರಡೂ ಸಿಗುತ್ತದೆ.

ಆ ದಿನಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ, ರಾತ್ರಿ ಎಂಟಕ್ಕೆ, ಊಟಕ್ಕೆ ಮೊದಲು ನೋಡುವ ಅಂತ. ಹೋದ ಸಲ ಅದು ಬಡಿದಾಗ ನಾನಿನ್ನೂ ಆಫೀಸಿನಲ್ಲೇ ಇದ್ದೆ. ಆಡಿಟ್ ಇತ್ತು. ಪುಸ್ತಕ ಮನೆಯಲ್ಲಿತ್ತು. ಈಗ ಅಲಾರಂ ಬೆಳಿಗ್ಗೆ ಏಳೂವರೆಗೆ, ರೈಲು ಕುಂಬಳೆ ಬಿಟ್ಟ ಮೇಲೆ, ಪುಸ್ತಕ ಬ್ಯಾಗಿನಲ್ಲಿ ಟಿಫಿನ್ ಬಾಕ್ಸಿನ ಅಡಿಯಲ್ಲಿ.